ಮಳೆಗಾಲದ ಕೆಸರಿಗೆ ಜೀಪಿನ ಚೈನ್: ಆರಿಸುವುದು ಹೇಗೆ, ಕಟ್ಟುವುದು ಹೇಗೆ?

ಮಳೆ ಹಿಡಿಯಿತು ಅಂದರೆ ಮೂಡಿಗೆರೆ, ಆಲ್ದೂರು, ಸಕಲೇಶಪುರ ಕಡೆ ತೋಟದ ದಾರಿಗಳು ಏನಾಗುತ್ತವೆ ಅಂತ ಯಾರಿಗೂ ಹೇಳಿಕೊಡಬೇಕಿಲ್ಲ. ಡಾಂಬರು ಮುಗಿದ ಕಡೆಯಿಂದ ಮನೆ ಬಾಗಿಲವರೆಗಿನ ಮಣ್ಣಿನ ದಾರಿಯೇ ದೊಡ್ಡ ತಲೆನೋವು. ಗೊಬ್ಬರದ ಮೂಟೆ ಹೋಗಬೇಕು, ಅಡಿಕೆಗೆ ಔಷಧಿ ಹೊಡೆಯುವ ಪಂಪು, ಡ್ರಮ್ಮು ಹೋಗಬೇಕು, ರಾತ್ರಿ ಹೊತ್ತು ಲೈನಿನಲ್ಲಿ (ತೋಟದ ಕೆಲಸದವರ ಸಾಲುಮನೆಗಳಲ್ಲಿ) ಯಾರಿಗಾದರೂ ಹುಷಾರಿಲ್ಲ ಅಂದರೆ ಆಸ್ಪತ್ರೆಗೂ ಅದೇ ದಾರಿ. ಗಾಡಿ ಫೋರ್ ವೀಲ್ ಇದ್ದರೂ, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವಂಥದ್ದಾದರೂ, ಏರಿನಲ್ಲಿ ಚಕ್ರ ನಿಂತಲ್ಲೇ ತಿರುಗುತ್ತದೆ. ಅದಕ್ಕೇ ಟಯರಿಗೆ ಚೈನ್ ಕಟ್ಟುತ್ತಾರೆ. ಕಟ್ಟುವವರು ಜಾಸ್ತಿ, ಬಿಗಿಯಾಗಿ ಕಟ್ಟುವವರು ಕಡಿಮೆ. ಸಡಿಲ ಚೈನ್ ಬ್ರೇಕಿನ ಹೋಸ್ ಪೈಪಿಗೆ ಬಡಿದರೆ ಪೈಪು ಹರಿದು ಹೋಗಬಹುದು. ಇಳಿಜಾರಿನಲ್ಲಿ ಹಾಗಾದರೆ ಏನು ಗತಿ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಚೈನ್ ಕೆಲಸ ಮಾಡುವ ರೀತಿ ಸರಳ. ಟಯರ್ ಎಷ್ಟೇ ಹೊಸದಿರಲಿ, ಅದರ ಗೆರೆಗಳಲ್ಲಿ ಜೇಡಿಮಣ್ಣು ತುಂಬಿಕೊಂಡರೆ ಮುಗಿಯಿತು, ನುಣ್ಣಗಾಗಿಬಿಡುತ್ತದೆ. ಟಯರ್ ಮೇಲೆ ಅಡ್ಡಡ್ಡ ಕೂತ ಸರಪಳಿ ಮೇಲಿನ ರೊಜ್ಜನ್ನು ಸೀಳಿ, ಕೆಳಗಿನ ಗಟ್ಟಿ ಮಣ್ಣನ್ನು ಹಿಡಿಯುತ್ತದೆ. ಕೆನಡಾದಂಥ ಹಿಮದ ದೇಶಗಳಲ್ಲಿ ಸ್ನೋಮೊಬೈಲ್ ಅನ್ನುವ ಹಿಮದ ಮೇಲೆ ಓಡುವ ಗಾಡಿಯ ರಬ್ಬರ್ ಬೆಲ್ಟಿಗೆ ತೂತು ಕೊರೆದು ಚೂಪಾದ ಸ್ಟಡ್ ಕೂರಿಸುತ್ತಾರೆ. ಮಂಜುಗಡ್ಡೆ ಗಟ್ಟಿ, ಮೊನೆ ಕಚ್ಚಿಕೊಂಡರೆ ಸಾಕು. ನಮ್ಮ ಕೆಸರಿಗೆ ಮೊನೆ ಚುಚ್ಚಿದರೆ ಸುಮ್ನೆ ಒಳಗೆ ಹೋಗಿ ಹೊರಗೆ ಬರುತ್ತದೆ, ಅಷ್ಟೇ. ಇಲ್ಲಿ ಮಣ್ಣನ್ನು ಅಗಲಕ್ಕೆ ಒತ್ತಿ ಹಿಂದಕ್ಕೆ ತಳ್ಳುವಂಥದ್ದು ಬೇಕು.

ಆರಿಸುವಾಗ

ಮೊದಲು ಟಯರಿನ ಸೈಜ್ ಓದಿಕೊಳ್ಳಿ, ಪಕ್ಕದಲ್ಲೇ ಬರೆದಿರುತ್ತದೆ. ಹಳೇ ಜೀಪಾದರೆ ಸಾಮಾನ್ಯವಾಗಿ 6.00-16, ಬೊಲೆರೊ ಆದರೆ 215/75 ಆರ್ 15. ಪಕ್ಕದ ಮನೆಯವರ ಚೈನ್ ಬೇರೆ ಸೈಜಿನ ಟಯರಿನದಾದರೆ ಅದನ್ನು ತಂದು ಹೇಗೋ ಸುತ್ತಿಕೊಳ್ಳುವುದು ಬೇಡವೇ ಬೇಡ. ವೆಲ್ಡಿಂಗ್ ಶಾಪಿನಲ್ಲಿ ಮಾಡಿಸುವುದಾದರೆ ಒಂದು ಹಗ್ಗ ತಗೊಂಡು ಟಯರಿನ ಪಕ್ಕದ ಗೋಡೆಯ ನಡುಮಧ್ಯಕ್ಕೆ ಸುತ್ತಲೂ ಹಿಡಿದು ಅಳೆಯಿರಿ. ಪಕ್ಕದ ಸರಪಳಿ, ಅಂದರೆ ಟಯರಿನ ಎರಡೂ ಪಕ್ಕ ಸುತ್ತಲೂ ಕೂರುವ ಸರಪಳಿಯ ಅಳತೆ ಅದು. ಅದು ರಿಮ್ಮಿಗೂ ತಾಗಬಾರದು, ಮೇಲಿನ ಹೊರಮೈಗೂ ಹತ್ತಬಾರದು. ಅಡ್ಡ ಸರಪಳಿ ಟಯರಿನ ಅಗಲ ದಾಟಿ ಎರಡೂ ಕಡೆ ಆ ಮಧ್ಯದವರೆಗೆ ಇಳಿಯುವಷ್ಟು ಉದ್ದ ಇರಬೇಕು.

ಏಣಿಯ ಮೆಟ್ಟಿಲಿನ ಹಾಗೆ ಅಡ್ಡ ಸರಪಳಿ ಇರುವುದು ಒಂದು ನಮೂನೆ. ಕರ್ಣಕ್ಕೆ ಹೆಣೆದು ಚೌಕ ಚೌಕವಾಗಿ ಬರುವುದು ಇನ್ನೊಂದು. ಚೌಕದ್ದು ಅಡ್ಡ ಜಾರುವುದನ್ನೂ ತಡೆಯುತ್ತದೆ, ರಸ್ತೆಯೇ ಒಂದು ಕಡೆ ವಾಲಿರುವ ಗುಡ್ಡದ ತೋಟಗಳಿಗೆ ಒಳ್ಳೆಯದು. ಆದರೆ ನಮ್ಮ ಅಂಟು ಜೇಡಿಗೆ ನಾನು ಏಣಿ ನಮೂನೆಯನ್ನೇ ಹೇಳುತ್ತೇನೆ. ಮಣ್ಣು ಬೇಗ ಉದುರುತ್ತದೆ, ಒಂದು ಅಡ್ಡ ಸರಪಳಿ ತುಂಡಾದರೆ ಅದೊಂದನ್ನೇ ಬದಲಾಯಿಸಬಹುದು, ಊರಿನ ವೆಲ್ಡಿಂಗ್‌ನವರಿಗೂ ಸಲೀಸು. ಕೊಂಡಿಯ ಕಂಬಿ ಸುಮಾರು 6 ಮಿ.ಮೀ. ದಪ್ಪ ಇದ್ದರೆ ಜೀಪಿಗೆ ಸಾಕು. ತೀರಾ ದಪ್ಪದ್ದು ತಂದರೆ ಮಡ್‌ಗಾರ್ಡ್ ಒಳಗೆ ಜಾಗವೇ ಸಾಲುವುದಿಲ್ಲ.

ತರುವ ಮೊದಲು ಅಂಗಡಿಯಲ್ಲೇ ಒಂದೊಂದು ಕೊಂಡಿಯ ಬೆಸುಗೆ ನೋಡಿ. ಬೆರಳಿಗೆ ಸಂದು ಸಿಕ್ಕಿದರೆ ಅದು ಬೇಡ. ಯಾವತ್ತೂ ಜೋಡಿ ತಗೊಳ್ಳಿ. ಡಿಫರೆನ್ಷಿಯಲ್ (ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇರುವ ಗಾಡಿಯಲ್ಲಿ ಹಿಡಿತ ಸಿಗದ ಚಕ್ರ ಗಿರಗಿರ ತಿರುಗಿದರೆ ಇನ್ನೊಂದು ಚಕ್ರ ಸುಮ್ನೆ ನಿಂತಿರುತ್ತದೆ. ಒಂದಕ್ಕೇ ಚೈನ್ ಕಟ್ಟಿದರೆ ಪ್ರಯೋಜನ ಇಲ್ಲ, ಗಾಡಿಗೂ ಪೆಟ್ಟು.

ಹಿಂದಕ್ಕೋ ಮುಂದಕ್ಕೋ?

ಒಂದೇ ಜೋಡಿ ಇದ್ದರೆ ಹಿಂದಿನ ಚಕ್ರಕ್ಕೆ ಕಟ್ಟಿ. ಏರಿನಲ್ಲಿ ಭಾರ ಹಿಂದಕ್ಕೆ ಬೀಳುತ್ತದೆ, ಟೂ ವೀಲ್ ಜೀಪು, ಪಿಕಪ್ಪುಗಳಲ್ಲಿ ತಳ್ಳುವುದೂ ಹಿಂದಿನ ಚಕ್ರವೇ. ಇಳಿಜಾರಿನಲ್ಲಿ ಭಾರ ಮುಂದಕ್ಕೆ ಬರುತ್ತದೆ. ಆಗ ಚೈನ್ ಇಲ್ಲದ ಮುಂದಿನ ಚಕ್ರ ಸ್ಟೀರಿಂಗ್ ತಿರುಗಿಸಿದರೂ ನೇರ ಜಾರುತ್ತದೆ. ಕಡಿದಾದ ಇಳಿತ ಇರುವವರು, ಗಾಡಿ ಫೋರ್ ವೀಲ್ ಆಗಿದ್ದರೆ, ನಾಲ್ಕಕ್ಕೂ ಕಟ್ಟುವುದು ಒಳ್ಳೆಯದು. ಮುಂದಕ್ಕೆ ಕಟ್ಟುವಾಗ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಚೈನ್ ಎಲ್ಲೂ ತಾಗುವುದಿಲ್ಲ ಅಂತ ಕೂತು ನೋಡಿ.

ಕಟ್ಟುವುದು

ಕೆಸರಿಗೆ ಇಳಿಯುವ ಮೊದಲೇ ಕಟ್ಟಬೇಕು. ಹೂತ ಮೇಲೆ ಮೊಣಕಾಲವರೆಗಿನ ರೊಜ್ಜಿನಲ್ಲಿ, ಇಂಬಳ ಹತ್ತಿಸಿಕೊಂಡು, ಚಕ್ರದ ಹಿಂದೆ ಕೈ ತೂರಿಸುವುದು ಯಾರಿಗೂ ಬೇಡದ ಕಷ್ಟ. ಡಾಂಬರು ಮುಗಿಯುವ ಜಾಗದಲ್ಲಿ ಸಮತಟ್ಟಾದ ನೆಲ ನೋಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ, ಗೇರಿನಲ್ಲಿಡಿ, ಬೇರೆ ಚಕ್ರಕ್ಕೆ ಕಲ್ಲು ಕೊಡಿ. ಟಯರಿಗೆ ಗಾಳಿ ಮೊದಲೇ ಸರಿಯಾಗಿ ತುಂಬಿಸಿರಬೇಕು. ಚೈನ್ ಕಟ್ಟಿದ ಮೇಲೆ ಗಾಳಿ ಇಳಿಸಿದರೆ ಕಟ್ಟಿದ ಬಿಗಿಯೆಲ್ಲ ಹೋಯಿತು.

ಚೈನನ್ನು ನೆಲಕ್ಕೆ ಹಾಸಿ ತಿರುಚಿದ್ದನ್ನೆಲ್ಲ ಬಿಡಿಸಿ. ಪಕ್ಕದ ಸರಪಳಿಗೆ ಅಡ್ಡ ಸರಪಳಿ ಸಿಕ್ಕಿಸಿದ ಕೊಕ್ಕೆಗಳಿರುತ್ತವಲ್ಲ, ಅವುಗಳ ಬಾಯಿ ಹೊರಗೆ ನಿಮ್ಮ ಕಡೆಗೆ ಇರಬೇಕು. ಟಯರಿನ ಕಡೆ ಇದ್ದರೆ ಆ ತುದಿ ದಿನವಿಡೀ ರಬ್ಬರನ್ನು ಕೆರೆಯುತ್ತದೆ, ಪಕ್ಕದ ಗೋಡೆ ಕುಯ್ದುಹೋದ ಟಯರಿಗೆ ಪಂಕ್ಚರ್ ಹಾಕಿ ಉಳಿಸಿಕೊಳ್ಳಲು ಆಗುವುದಿಲ್ಲ. ಈಗ ಚೈನನ್ನು ಚಕ್ರದ ಮೇಲೆ ಹೊದಿಸಿ, ಒಂದು ತುದಿಯನ್ನು ಟಯರಿನ ಮುಂದೆ ನೆಲದ ಮೇಲೆ ನೇರ ಬಿಡಿ. ಕೊಟ್ಟ ಕಲ್ಲು ತೆಗೆದು, ಗಾಡಿಯನ್ನು ಒಂದು ಒಂದೂವರೆ ಅಡಿ ಮುಂದಕ್ಕೆ ಉರುಳಿಸಿ, ಆ ತುದಿಯ ಮೇಲೆ ಚಕ್ರ ಹತ್ತಲಿ. ಆಗ ಯಾರ ಕೈಯೂ ಚೈನಿನ ಮೇಲೆ ಇರಬಾರದು. ಮತ್ತೆ ಎಂಜಿನ್ ಆಫ್, ಮತ್ತೆ ಹ್ಯಾಂಡ್ ಬ್ರೇಕು, ಮತ್ತೆ ಕಲ್ಲು.

ಒಳಗಿನ ಕೊಕ್ಕೆ ಮೊದಲು, ಹೊರಗಿನದು ಆಮೇಲೆ. ಕೈಯಲ್ಲಿ ಎಷ್ಟು ಎಳೆಯಲು ಆಗುತ್ತದೋ ಅಷ್ಟೂ ಎಳೆದು ಸಿಕ್ಕಿಸಿ. ಒಳಗೆ ಎಷ್ಟು ಕೊಂಡಿ ಬಿಟ್ಟಿರೋ ಹೊರಗೂ ಅಷ್ಟೇ ಬಿಡಬೇಕು, ಇಲ್ಲದಿದ್ದರೆ ಚೈನ್ ಒಂದು ಕಡೆಗೆ ಸರಿಯುತ್ತದೆ. ಉಳಿದ ಬಾಲವನ್ನು ತಂತಿಯಲ್ಲಿ ಸುತ್ತಿ ಕಟ್ಟಿ, ನೇತಾಡಲು ಬಿಡಬೇಡಿ. ಕೊನೆಗೆ ಲಾರಿ ಟ್ಯೂಬಿನ ಪಟ್ಟಿಗಳನ್ನು ಹೊರಗಿನ ಸರಪಳಿಯ ನಾಲ್ಕೈದು ಕಡೆ ಸಿಕ್ಕಿಸಿ ಚಕ್ರದ ನಡುವಿಗೆ ಎಳೆದು ಕಟ್ಟಿದರೆ ಚೈನ್ ಸಡಿಲ ಬೀಳುವುದಿಲ್ಲ. ಅಡ್ಡ ಸರಪಳಿಯ ಕೆಳಗೆ ಎರಡು ಬೆರಳು ಕಷ್ಟಪಟ್ಟು ಹೋಗಬೇಕು, ಅದೇ ಹದ. ಆಮೇಲೆ ಬ್ರೇಕ್ ಹೋಸ್, ಶಾಕ್ ಅಬ್ಸಾರ್ಬರ್, ಪ್ಲೇಟ್ ಸೆಟ್ (ಪಟ್ಟಿ ಸ್ಪ್ರಿಂಗ್), ಮಡ್‌ಗಾರ್ಡ್ ಎಲ್ಲದರ ಹತ್ತಿರ ಕೈಯಾಡಿಸಿ ಜಾಗ ಇದೆಯಾ ನೋಡಿ.

ಇಷ್ಟಕ್ಕೇ ಮುಗಿಯಲಿಲ್ಲ. ನಿಧಾನಕ್ಕೆ 50 ಮೀಟರ್ ಹೋಗಿ ನಿಲ್ಲಿಸಿ. ಚೈನ್ ಕೂತುಕೊಂಡು ಒಂದೆರಡು ಕೊಂಡಿಯಷ್ಟು ಸಡಿಲ ಬಂದಿರುತ್ತದೆ. ಮತ್ತೆ ಎಳೆದು ಕಟ್ಟಿ. ಮಳೆ ಸುರಿಯುವಾಗ ಮತ್ತೆ ಇಳಿಯುವುದು ಬೇಜಾರೇ, ಆದರೂ ಇಳಿಯಿರಿ. ಚೈನ್ ಬಿಚ್ಚಿಕೊಂಡು ಆಕ್ಸಲ್ಲಿಗೆ ಸುತ್ತಿಕೊಳ್ಳುವ ಅವಾಂತರಗಳಿಗೆ ಈ ಎರಡು ನಿಮಿಷದ ಸೋಮಾರಿತನವೇ ಕಾರಣ.

ಓಡಿಸುವಾಗ

ಫೋರ್ ಲೋ (ನಾಲ್ಕೂ ಚಕ್ರಕ್ಕೆ ಬಲ ಹೋಗುವ ನಿಧಾನದ ಗೇರು) ಇದ್ದರೆ ಹಾಕಿ, ನಡಿಗೆಗಿಂತ ಸ್ವಲ್ಪ ಜಾಸ್ತಿ ವೇಗ ಸಾಕು. ಚಕ್ರ ನಿಂತಲ್ಲೇ ತಿರುಗಲು ಶುರುವಾದರೆ ಆಕ್ಸಿಲರೇಟರ್ ಒತ್ತಬೇಡಿ, ಚೈನ್ ಗುಂಡಿ ತೋಡುತ್ತದೆ, ನೋಡನೋಡುತ್ತಲೇ ಆಕ್ಸಲ್ಲಿನ ಹೌಸಿಂಗ್ ನೆಲಕ್ಕೆ ಕೂರುತ್ತದೆ. ಹಿಂದಕ್ಕೆ ತಗೊಂಡು, ಕಲ್ಲು ಸೊಪ್ಪು ಹಾಕಿ ಮತ್ತೆ ಪ್ರಯತ್ನಿಸಿ. ತಳ್ಳುವವರನ್ನು ಚಕ್ರದ ನೇರಕ್ಕೆ ನಿಲ್ಲಿಸಲೇಬೇಡಿ, ತುಂಡಾದ ಕೊಂಡಿ ಕಲ್ಲಿನಂತೆ ಹಾರಿಬರುತ್ತದೆ. ಇಳಿಯುವಾಗ ಮೊದಲ ಗೇರಿನಲ್ಲೇ ಇಳಿಸಿ, ಬ್ರೇಕ್ ಜೋರಾಗಿ ಒತ್ತಬೇಡಿ. ಕಿವಿ ಕೊಟ್ಟಿರಿ. ಒಂದೇ ಸಮನೆ ಬರುವ ಸದ್ದು ಸರಿ, ನಡುವೆ ಟಣ್ ಅಂತ ಬಡಿದರೆ ಅಲ್ಲೇ ನಿಲ್ಲಿಸಿ ನೋಡಿ.

ಡಾಂಬರಿಗೆ ಬಂದ ಕೂಡಲೇ ಬಿಚ್ಚಿ. ರಸ್ತೆಯೂ ಹಾಳು, ಚೈನೂ ಸವೆಯುತ್ತದೆ. ತೋಟದ ದಾರಿಯಲ್ಲೂ ಚೈನ್ ಚಕ್ರ ಕೊರೆದ ಜಾಡಿನಲ್ಲಿ ನೀರು ಹರಿದು ಮಣ್ಣು ಕೊಚ್ಚಿಹೋಗುತ್ತದೆ, ಹಾಗಾಗಿ ಪಕ್ಕದ ಚರಂಡಿ ಬಿಡಿಸುವುದು, ಕಡಿದಾದ ತಿರುವಿಗೆ ಕಲ್ಲು ಹಾಸುವುದು ಬೇಸಿಗೆಯಲ್ಲೇ ಆಗಬೇಕು.

ಬಿಚ್ಚಿದ ಚೈನನ್ನು ತೊಳೆದು ಗೂಟಕ್ಕೆ ನೇತುಹಾಕಿ ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ ಇಡಿ. ಮುಂದಿನ ಸಲ ಕಟ್ಟುವ ಮೊದಲು ಎಣ್ಣೆ ಒರೆಸಿ, ಅದು ರಬ್ಬರಿಗೆ ಒಳ್ಳೆಯದಲ್ಲ. ಅರ್ಧಕ್ಕೆ ಸವೆದ ಕೊಂಡಿ ಕಂಡರೆ ಆ ಅಡ್ಡ ಸರಪಳಿಯನ್ನು ಅವತ್ತೇ ಬದಲಾಯಿಸಿ. ಎರಡು ಬಿಡಿ ಅಡ್ಡ ಸರಪಳಿ, ಒಂದು ಕಟಿಂಗ್ ಪ್ಲೇಯರ್, ಒಂದು ಸುತ್ತು ತಂತಿ ಸೀಟಿನ ಕೆಳಗೆ ಯಾವಾಗಲೂ ಇರಲಿ.