ಸೊಪ್ಪಿನ ಬೆಟ್ಟದಲ್ಲಿ ಎಲೆ ತೂಗಿದ ನನ್ನ ಅನುಭವ

ಉತ್ತರ ಕನ್ನಡದ ಅಡಿಕೆ ತೋಟಗಳಿಗೆ ಒಂದು ಎಕರೆಗೆ 9 ಎಕರೆಯವರೆಗೂ ಸೊಪ್ಪಿನ ಬೆಟ್ಟ, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ಸವರಿಕೊಳ್ಳುವ ಕಾಡು, ಬಿಟ್ಟುಕೊಟ್ಟ ವ್ಯವಸ್ಥೆ ಬಹಳ ಹಳೆಯದು. ಶಿರಸಿ ಸೀಮೆಯ ಅಂಥ ಒಂದು ಬೆಟ್ಟದಲ್ಲಿ ಎಷ್ಟು ಜೀವರಾಶಿ (ಗಿಡಮರಗಳ ಒಟ್ಟು ಒಣತೂಕ) ನಿಂತಿದೆ, ವರ್ಷಕ್ಕೆ ಎಷ್ಟು ಹೊಸದಾಗಿ ಹುಟ್ಟುತ್ತದೆ ಎಂಬ ಎರಡನ್ನೂ ನಾನು ಅಳೆಯಲು ಹೊರಟೆ. ಇವೆರಡೂ ಬೇರೆ ಬೇರೆ ಲೆಕ್ಕಗಳು. ಟೊಂಗೆ ಸವರಿಸಿಕೊಂಡು ಬೋಳಾಗಿ ನಿಂತ ಮತ್ತಿ, ಹೊನಗಲು ಮರಗಳಲ್ಲಿ ನಿಂತ ರಾಶಿ ಕಡಿಮೆ ಇದ್ದರೂ ಮರುಚಿಗುರಿನ ಹುಟ್ಟುವಳಿ ಕಡಿಮೆ ಇರಲೇಬೇಕೆಂದಿಲ್ಲ.

ನಿಂತ ರಾಶಿಗೆ ಮರ ಕಡಿಯಬೇಕಾಗಿಲ್ಲ. ನೆಲದಿಂದ 1.3 ಮೀಟರ್ ಎತ್ತರದಲ್ಲಿ, ಇಳಿಜಾರಾದರೆ ಮೇಲ್ಮಗ್ಗುಲಿನಿಂದ ಅಳೆದು, ಟೇಪಿನಲ್ಲಿ ಕಾಂಡದ ಸುತ್ತಳತೆ ತೆಗೆದೆ. ಜಾತಿವಾರು ಮರದ ಸಾಂದ್ರತೆ ಸೇರಿಸಿ ಸೂತ್ರಕ್ಕೆ ಹಾಕಿದರೆ ಒಣತೂಕದ ಅಂದಾಜು ಸಿಗುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ.

ಹೆಚ್ಚು ಶ್ರಮ ಬೇಡಿದ್ದು ಎಲೆಯ ಲೆಕ್ಕ. ಒಂದು ಚದರ ಮೀಟರಿನ ಚೌಕಟ್ಟಿಗೆ ನೈಲಾನ್ ಬಲೆ ಬಿಗಿದು, ಮಳೆನೀರು ಸೋರಿಹೋಗುವಂತೆ, ಗೆದ್ದಲು ಸುಲಭವಾಗಿ ಹತ್ತದಂತೆ ಸೊಂಟದೆತ್ತರದ ಗೂಟಗಳ ಮೇಲೆ ನಿಲ್ಲಿಸಿದೆ. ಬಿದ್ದದ್ದನ್ನು ಎಲೆ, ಕಡ್ಡಿ, ಹೂಕಾಯಿ ಎಂದು ಬೇರ್ಪಡಿಸಿ, 70 ಡಿಗ್ರಿ ಶಾಖದ ಒಲೆಪೆಟ್ಟಿಗೆಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ತೂಗಬೇಕು. ಹಸಿ ತೂಕಕ್ಕೆ ಇಲ್ಲಿ ಬೆಲೆಯಿಲ್ಲ, ಅದರ ಬಹುಪಾಲು ನೀರು. ಮಳೆಗಾಲದಲ್ಲಿ ಬಲೆಯಲ್ಲೇ ಎಲೆ ಕೊಳೆಯತೊಡಗುವುದರಿಂದ ಬೇಗಬೇಗ ಬಿಡಿಸಬೇಕಾಗುತ್ತದೆ. ಸೊಪ್ಪಿನ ಬೆಟ್ಟದಲ್ಲಿ ಇಷ್ಟೂ ಸಾಲದು. ಸವರಿದ ಸೊಪ್ಪು ಬಲೆಗೆ ಬೀಳುವುದೇ ಇಲ್ಲ, ಕೊಟ್ಟಿಗೆಗೆ ಹೋಗುತ್ತದೆ. ಆದ್ದರಿಂದ ಹೊರೆಗಳನ್ನು ಬೆಟ್ಟದ ಬಾಯಲ್ಲೇ ತೂಗಿ, ಒಂದೊಂದರಿಂದ ಒಂದು ಹಿಡಿ ತೆಗೆದು ಒಣಗಿಸಿ ಲೆಕ್ಕ ಕೂಡಿಸಿದೆ. ಗುಡಿಸಿ ಒಯ್ಯುವ ದರಕು (ಉದುರಿದ ಒಣ ಎಲೆ) ಅದಾಗಲೇ ಬಲೆಯ ಲೆಕ್ಕದಲ್ಲಿರುವುದರಿಂದ ಅದನ್ನು ಮತ್ತೆ ಕೂಡಿಸಬಾರದು.

ಒಂದು ಗ್ರಾಂ ಒಣ ಎಲೆಯಲ್ಲಿ ಸುಮಾರು 4 ಕಿಲೋಕ್ಯಾಲರಿ ಶಕ್ತಿಯಿರುತ್ತದೆ. ಚದರ ಮೀಟರಿಗೆ ವರ್ಷಕ್ಕೆ 600 ಗ್ರಾಂ ಎಲೆ ಎಂದಿಟ್ಟುಕೊಂಡರೆ 2,400 ಕಿಲೋಕ್ಯಾಲರಿ, ಅಂದರೆ 3 ಯೂನಿಟ್ ವಿದ್ಯುತ್ತಿಗೂ ಕಡಿಮೆ. ಅದೇ ಜಾಗಕ್ಕೆ ನಮ್ಮಲ್ಲಿ ದಿನವೊಂದಕ್ಕೆ ಸರಾಸರಿ 5 ಯೂನಿಟ್ಟಿನ ಆಸುಪಾಸು ಬಿಸಿಲು ಬೀಳುತ್ತದೆ. ವರ್ಷದ ಎಲೆಯಲ್ಲಿ ಉಳಿದದ್ದು ಒಂದು ಹಗಲಿನ ಬಿಸಿಲಿನಷ್ಟೂ ಅಲ್ಲ! ಗಿಡ ಹಿಡಿದಿಟ್ಟದ್ದರಲ್ಲೂ ಅರ್ಧದಷ್ಟು ಅದರ ಉಸಿರಾಟಕ್ಕೇ ಖರ್ಚಾಗಿರುತ್ತದೆ.

ಪರಿಸರ ವಿಜ್ಞಾನಿ ಲಿಂಡೆಮನ್ 1942ರಲ್ಲಿ ಅಮೆರಿಕದ ಒಂದು ಪುಟ್ಟ ಕೆರೆಯ ಅಧ್ಯಯನದಿಂದ ಶಕ್ತಿಯ ಹರಿವನ್ನು ಹಂತಹಂತವಾಗಿ ತೋರಿಸಿದ ಮೇಲೆ, ಹುಲ್ಲು–ಜಿಂಕೆ–ಹುಲಿಯ ಪಿರಮಿಡ್ಡು, ಒಂದು ಹಂತದ ಶಕ್ತಿಯಲ್ಲಿ ಶೇ. 10 ಮಾತ್ರ ಮುಂದಿನ ಹಂತಕ್ಕೆ ದಾಟುತ್ತದೆಂಬ ಮಾತು ಪಠ್ಯಗಳಲ್ಲಿ ನೆಲೆಯೂರಿದೆ. ಆ ಶೇ. 10 ಸ್ಥೂಲ ಸರಾಸರಿ ಮಾತ್ರ. ಕಾಡಿನಲ್ಲಿ ಎಲೆಯ ಬಹುಪಾಲು ಜಿಂಕೆಯ ಹೊಟ್ಟೆಗೆ ಹೋಗುವುದೇ ಇಲ್ಲ. ಉದುರಿ ಶಿಲೀಂಧ್ರ, ಗೆದ್ದಲು, ಎರೆಹುಳಗಳ ಪಾಲಾಗುತ್ತದೆ. ತೂಗಿದ ಎಲೆಯನ್ನು ಸಣ್ಣ ಕಣ್ಣಿನ ಮತ್ತು ದೊಡ್ಡ ಕಣ್ಣಿನ ಬಲೆಚೀಲಗಳಲ್ಲಿ ತುಂಬಿ ನೆಲದ ಮೇಲಿಟ್ಟರೆ, ಹುಳುಗಳು ನುಗ್ಗಬಲ್ಲ ಚೀಲ ಎಷ್ಟು ಬೇಗ ಹಗುರಾಗುತ್ತದೆಂದು ಹೋಲಿಸಬಹುದು. ಎಲೆಗೆ ಮೆತ್ತಿದ ಮಣ್ಣೂ ತೂಕಕ್ಕೆ ಸೇರುವುದರಿಂದ ಮಾದರಿಯನ್ನು ಸುಟ್ಟು ಬೂದಿಯ ತೂಕ ಕಳೆಯಬೇಕು. ದರಕು ಗುಡಿಸಿ ಒಯ್ದ ಬೆಟ್ಟದಲ್ಲಿ ಈ ನೆಲದ ಬಳಗದ ಪಾಲಿನ ಶಕ್ತಿಯೇ ತೋಟಕ್ಕೆ ಸಾಗಿರುತ್ತದೆ. ತೋಟಿಗರ ಮೇಲೆ ತಪ್ಪು ಹೊರಿಸಲು ಈ ಮಾತು ಹೇಳುತ್ತಿಲ್ಲ, ಲೆಕ್ಕದಲ್ಲಿ ಅದನ್ನು ಬಿಡಬಾರದು ಎನ್ನುತ್ತಿದ್ದೇನೆ.

ಕಾಂಡದಲ್ಲಿ ವರ್ಷಕ್ಕೆ ಸೇರುವ ಮರದ ಲೆಕ್ಕಕ್ಕೆ ಅದೇ ಮರವನ್ನು ಅದೇ ಗುರುತಿನಲ್ಲಿ ಮತ್ತೆ ಅಳೆಯಬೇಕು. ಮಳೆಯಲ್ಲಿ ತೊಗಟೆ ನೀರುಂಡು ಉಬ್ಬುವುದರಿಂದ ನಾನು ಪ್ರತಿ ಸಲವೂ ಬೇಸಿಗೆಯ ಅದೇ ತಿಂಗಳಲ್ಲಿ ಟೇಪು ಹಿಡಿಯುತ್ತೇನೆ.