ಧೂಳಿನ ಅರ್ಧ ಪಾಲು ಡಿಸ್ಕಿನದು: ದಿನಬಳಕೆಯ ಕಾರಿಗೆ ಬ್ರೇಕ್ ಪ್ಯಾಡ್ ಆರಿಸಿದ ನನ್ನ ಅನುಭವ

ನನ್ನ ಕಾರಿನ ಮುಂದಿನ ಚಕ್ರಗಳು ತೊಳೆದ ಮೂರು ನಾಲ್ಕು ದಿನಗಳಲ್ಲೇ ಬ್ರೇಕಿನ ಧೂಳಿನಿಂದ ಕಪ್ಪಾಗುತ್ತಿದ್ದವು. ಚಕ್ರದೊಡನೆ ತಿರುಗುವ ಕಬ್ಬಿಣದ ಡಿಸ್ಕನ್ನು ಪ್ಯಾಡುಗಳು ಎರಡೂ ಬದಿಯಿಂದ ಒತ್ತಿ ಹಿಡಿಯುವಾಗ ಸವೆದು ಬೀಳುವ ಪುಡಿಯೇ ಈ ಧೂಳು. ಈಗ ಅದೇ ಚಕ್ರಗಳ ಮೇಲೆ ಮೂರು ವಾರ ಕಳೆದರೂ ತೆಳುವಾದ ಬೂದು ಪುಡಿಯಷ್ಟೇ ಕಾಣುತ್ತದೆ, ಅದೂ ಬರೀ ನೀರು ಮತ್ತು ಸ್ಪಂಜಿಗೆ ಬಿಟ್ಟುಬರುತ್ತದೆ. ಧೂಳು ಬೇಡವೆಂದರೆ ಹಿಡಿತವನ್ನೂ ಬಿಟ್ಟುಕೊಡಬೇಕು, ಎರಡೂ ಒಟ್ಟಿಗೆ ಸಿಗುವುದಿಲ್ಲ ಎಂದು ಈ ಕೆಲಸದಲ್ಲಿ ಪಳಗಿದವರೇ ನನಗೆ ಹೇಳಿದ್ದರು. ಹಾಗೆ ಹೇಳಿದವರಲ್ಲಿ ಇಬ್ಬರು ನನ್ನ ಕಾರನ್ನು ಓಡಿಸಿ ನೋಡಿದ ಮೇಲೆ ತಮ್ಮ ಗಾಡಿಗೂ ನಾನು ಕೊನೆಗೆ ಆರಿಸಿದ ಸೆರಾಮಿಕ್ ಬಗೆಯ ಪ್ಯಾಡನ್ನೇ ಹಾಕಿಸಿಕೊಂಡಿದ್ದಾರೆಂಬುದನ್ನು ಸಂತೋಷದಿಂದಲೇ ಹೇಳುತ್ತೇನೆ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಚ್ಚಿ ಪ್ಯಾಡ್ ಬದಲಿಸುವುದು ಗೊತ್ತಿರುವವರಿಗಾಗಿ ಇದನ್ನು ಬರೆಯುತ್ತಿರುವುದರಿಂದ ಜಾಕ್ ಎಲ್ಲಿ ಇಡಬೇಕು, ಪಿಸ್ಟನ್ ಹೇಗೆ ಹಿಂದಕ್ಕೆ ಒತ್ತಬೇಕು ಎಂಬ ವಿವರಗಳಿಗೆ ಹೋಗುವುದಿಲ್ಲ.

ಕಾರಿನ ಜೊತೆ ಬಂದಿದ್ದ ಮೂಲ ಪ್ಯಾಡ್ ಲೋ ಮೆಟಾಲಿಕ್ ಜಾತಿಯದು, ಎಂದರೆ ಸ್ವಲ್ಪ ಲೋಹ ಬೆರೆತದ್ದು. ತಣ್ಣಗಿರುವಾಗಲೇ ಗಟ್ಟಿಯಾಗಿ ಹಿಡಿಯುವುದು ಅದರ ಗುಣ, ಚಕ್ರವನ್ನು ಮಸಿಯಾಗಿಸುವುದೂ ಅದರದೇ ಗುಣ. ಅದು ಸವೆದು ಮುಗಿದಾಗ ಮೊದಲು ಹಾಕಿದ್ದು ಉಕ್ಕಿನ ನಾರಿಲ್ಲದ ಸಾದಾ ಆರ್ಗ್ಯಾನಿಕ್ ಪ್ಯಾಡ್. ಬೆಲೆ ಮೂಲ ಪ್ಯಾಡಿನ ಅರ್ಧಕ್ಕಿಂತ ಸ್ವಲ್ಪ ಕಡಿಮೆ, ಧೂಳು ನಿಜವಾಗಿಯೂ ತಗ್ಗಿತು, ಸದ್ದೂ ಇರಲಿಲ್ಲ. ಆದರೆ ಮೈ ತುಂಬ ಜನ ಮತ್ತು ಸಾಮಾನು ಹೊತ್ತು ಉದ್ದನೆಯ ಇಳಿಜಾರು ಇಳಿಯುವಾಗ ಪೆಡಲನ್ನು ಇನ್ನಷ್ಟು ಒತ್ತಬೇಕಾಗಿ ಬಂತು, ಸುಟ್ಟ ವಾಸನೆಯೂ ಬಂತು. ಆ ಪ್ಯಾಡ್ ಹತ್ತು ಹನ್ನೆರಡು ಸಾವಿರ ಕಿಲೋಮೀಟರಿಗೆಲ್ಲ ಅರ್ಧ ಸವೆದಿತ್ತು, ಬಾಕಿ ಉಳಿದದ್ದನ್ನು ಹಾಗೆಯೇ ತೆಗೆದುಹಾಕಿದೆ. ಎರಡನೆಯದು ಲೋಹದ ಪಾಲು ಹೆಚ್ಚಿರುವ ಸೆಮಿ ಮೆಟಾಲಿಕ್. ಡಬ್ಬಿಯ ಮೇಲೆ ಕಡಿಮೆ ಧೂಳಿನದು ಎಂದು ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿತ್ತು, ಬೆಲೆಯೂ ಮೂಲ ಪ್ಯಾಡಿಗೆ ಸಮನಾಗಿತ್ತು. ಧೂಳು ಮೊದಲಿಗಿಂತ ಹೆಚ್ಚೇ ಆಯಿತೆನ್ನಬೇಕು, ನಿಧಾನವಾಗಿ ನಿಲ್ಲುವಾಗ ಕಿರುಗುಟ್ಟುವ ಸದ್ದು ಸೇರಿತು, ಕೆಲವೇ ತಿಂಗಳಲ್ಲಿ ಡಿಸ್ಕಿನ ಮೇಲೆ ಉಗುರಿಗೆ ತಾಗುವಷ್ಟು ಗೀರುಗಳು ಬಿದ್ದವು. ಎರಡು ಜೊತೆ ಪ್ಯಾಡ್, ಅವುಗಳ ಹಿಂದೆಯೇ ಒಂದು ಜೊತೆ ಹೊಸ ಡಿಸ್ಕ್: ಇವಿಷ್ಟಕ್ಕೆ ಸುರಿದ ಹಣದಲ್ಲಿ ನಾನು ಕೊನೆಗೆ ಕೊಂಡ ಪ್ಯಾಡಿನಂಥವನ್ನು ಎರಡು ಜೊತೆಗೂ ಮೀರಿ ಕೊಳ್ಳಬಹುದಿತ್ತು.

ದಾರಿ ತೆರೆದದ್ದು ಆ ಹಳೆಯ ಡಿಸ್ಕುಗಳನ್ನು ಎಸೆಯುವ ಮುನ್ನ ಅಳೆದಾಗ. ಹೊಸದರಲ್ಲಿ ನನ್ನ ಡಿಸ್ಕಿನ ದಪ್ಪ 25 ಮಿ.ಮೀ., ಅಂಚಿನಲ್ಲಿ ಕೆತ್ತಿರುವ ಕನಿಷ್ಠ ಮಿತಿ 23 ಮಿ.ಮೀ. ಮೂಲ ಪ್ಯಾಡ್ ಇದ್ದ ಸುಮಾರು 40 ಸಾವಿರ ಕಿಲೋಮೀಟರಿನ ಓಟದಲ್ಲಿ ಪ್ಯಾಡುಗಳು ತಲಾ 8 ಮಿ.ಮೀ.ನಷ್ಟು ಸವೆದಿದ್ದರೆ ಡಿಸ್ಕ್ ಸುಮಾರು 0.9 ಮಿ.ಮೀ. ಇಳಿದಿತ್ತೆಂದು ಆಗ ಬರೆದಿಟ್ಟುಕೊಂಡಿದ್ದೆ. ಎಂಟರ ಮುಂದೆ ಒಂದಕ್ಕೂ ಕಡಿಮೆ, ಹಾಗಾಗಿ ಧೂಳೆಲ್ಲ ಪ್ಯಾಡಿನದೇ ಎಂದು ಕಣ್ಣಿಗೆ ಕಾಣುತ್ತದೆ. ತೂಕಕ್ಕೆ ತಿರುಗಿಸಿದರೆ ಲೆಕ್ಕ ಬೇರೆಯೇ ಆಗುತ್ತದೆ. 280 ಮಿ.ಮೀ. ವ್ಯಾಸದ ಡಿಸ್ಕಿನಲ್ಲಿ ಪ್ಯಾಡ್ ಉಜ್ಜುವ ಪಟ್ಟಿಯ ಅಗಲ ಸುಮಾರು 55 ಮಿ.ಮೀ., ಎಂದರೆ ಒಂದು ಮುಖದಲ್ಲಿ 390 ಚದರ ಸೆಂಟಿಮೀಟರಿನ ಆಸುಪಾಸು. ಎರಡೂ ಮುಖ ಸೇರಿ 0.9 ಮಿ.ಮೀ. ಸವೆದರೆ 35 ಘನ ಸೆಂಟಿಮೀಟರ್ ಎರಕದ ಕಬ್ಬಿಣ ಹೋದಂತೆ, ತೂಕದಲ್ಲಿ 250 ಗ್ರಾಂ. ಪ್ಯಾಡಿನ ಮುಖ ತಲಾ 50 ಚದರ ಸೆಂಟಿಮೀಟರ್, ಒಂದು ಚಕ್ರಕ್ಕೆ ಎರಡು, 8 ಮಿ.ಮೀ. ಸವೆತ, ಜೊತೆಗೆ ಪ್ಯಾಡಿನ ದ್ರವ್ಯ ಕಬ್ಬಿಣದ ಅರ್ಧದಷ್ಟೂ ತೂಗುವುದಿಲ್ಲ: ಒಟ್ಟು ಬಂದದ್ದು 210 ರಿಂದ 220 ಗ್ರಾಂ. ಚಕ್ರದಿಂದ ಹೊರಬಿದ್ದ ಪುಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಡಿಸ್ಕಿನದೇ ಆಗಿತ್ತು. ಅಲಾಯ್ ಚಕ್ರಕ್ಕೆ ಕಚ್ಚಿಕೊಂಡು ತುಕ್ಕು ಹಿಡಿದು ಕಂದುಬಣ್ಣದ ಚುಕ್ಕೆಗಳಾಗುವುದೂ ಈ ಕಬ್ಬಿಣದ ಪಾಲೇ. ಕಬ್ಬಿಣ ಕರಗಿಸುವ ದ್ರಾವಣವನ್ನು ಚಕ್ರಕ್ಕೆ ಸಿಂಪಡಿಸಿದಾಗ ಅದು ನೇರಳೆ ಬಣ್ಣಕ್ಕೆ ತಿರುಗಿ ಹರಿಯುವುದನ್ನು ನೋಡಿದವರಿಗೆ ಇದನ್ನು ಬೇರೆ ಹೇಳಬೇಕಿಲ್ಲ.

ಅಂದಿನಿಂದ ನನ್ನ ಆಯ್ಕೆಯ ಅಳತೆಗೋಲು ಬದಲಾಯಿತು. ಯಾವ ಪ್ಯಾಡ್ ಕಡಿಮೆ ಸವೆಯುತ್ತದೆ ಎಂಬುದನ್ನು ಕೇಳುವುದು ಬಿಟ್ಟು, ಯಾವ ಪ್ಯಾಡ್ ಡಿಸ್ಕನ್ನು ಕೆರೆಯದೆ ನಿಲ್ಲಿಸುತ್ತದೆ ಎಂಬುದನ್ನು ಹುಡುಕತೊಡಗಿದೆ. ಉಕ್ಕಿನ ನಾರು ಮತ್ತು ಒರಟು ಕಣಗಳುಳ್ಳ ಪ್ಯಾಡ್ ಡಿಸ್ಕನ್ನು ಕೆರೆದೇ ಹಿಡಿತ ಪಡೆಯುತ್ತದೆ. ಸೆರಾಮಿಕ್ ಎಂದು ಮಾರಾಟವಾಗುವ ಪ್ಯಾಡುಗಳಲ್ಲಿ ಒಳ್ಳೆಯವು ತಮ್ಮದೇ ದ್ರವ್ಯದ ತೆಳುಪದರವೊಂದನ್ನು ಡಿಸ್ಕಿನ ಮೇಲೆ ಬಳಿದು, ಆ ಪದರದ ಮೇಲೆ ತಾವು ಅಂಟಿ ಬಿಡುತ್ತ ಹಿಡಿತ ಪಡೆಯುತ್ತವೆ. ತೊಡಕೆಂದರೆ ಸೆರಾಮಿಕ್ ಎಂಬ ಹೆಸರನ್ನು ಯಾರು ಬೇಕಾದರೂ ಡಬ್ಬಿಯ ಮೇಲೆ ಅಚ್ಚು ಹಾಕಿಕೊಳ್ಳಬಹುದು. ಅದಕ್ಕೆ ನಾನು ಚಿಕ್ಕದೊಂದು ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ, ಹಿಂಬದಿಯ ಉಕ್ಕಿನ ತಗಡಿನಿಂದ ದೂರವಾಗಿ, ಉಜ್ಜುವ ಮುಖದ ಅಂಚಿಗೆ ಇಳಿಬಿಟ್ಟು ನೋಡುತ್ತೇನೆ. ಅದು ಥಟ್ಟನೆ ಅಂಟಿಕೊಂಡರೆ ಒಳಗೆ ಕಬ್ಬಿಣ ಧಾರಾಳವಾಗಿದೆ ಎಂದರ್ಥ, ಹೆಸರು ಏನೇ ಇರಲಿ. ಅಯಸ್ಕಾಂತದ ಗಾತ್ರವನ್ನೂ ದಾರದ ಉದ್ದವನ್ನೂ ಪಳಗಿದ ಕೈ ತಾನೇ ಕಂಡುಕೊಳ್ಳಬೇಕು, ನನ್ನದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಪ್ಯಾಡಿನ ಬದಿಯಲ್ಲಿ ಅಚ್ಚಾಗಿರುವ ಎರಡು ಅಕ್ಷರಗಳಿಗೆ ಹಲವರು ಅತಿಯಾದ ಬೆಲೆ ಕೊಡುತ್ತಾರೆ. ಮೊದಲನೆಯದು ಸಾಮಾನ್ಯ ಉಷ್ಣತೆಯಲ್ಲಿನ ಘರ್ಷಣೆ, ಎರಡನೆಯದು ಬಿಸಿಯಾದಾಗಿನದು. ಇ ಎಂದರೆ ಘರ್ಷಣಾಂಕ 0.25 ರಿಂದ 0.35, ಎಫ್ ಎಂದರೆ 0.35 ರಿಂದ 0.45, ಜಿ ಎಂದರೆ 0.45 ರಿಂದ 0.55. ಧೂಳಿನ ಬಗ್ಗೆ ಈ ಅಕ್ಷರಗಳು ಏನನ್ನೂ ಹೇಳುವುದಿಲ್ಲ. ಬಿಸಿಯಲ್ಲಿ ಅಕ್ಷರ ಕೆಳಗಿಳಿಯದಿರುವುದನ್ನು ಮಾತ್ರ ನಾನು ನೋಡುತ್ತೇನೆ, ಕೊನೆಗೆ ಆರಿಸಿದ್ದು ಎರಡೂ ಎಫ್ ಇರುವುದನ್ನು. ಯುರೋಪಿನ ಆರ್90 ನಿಯಮದ ಗುರುತಿದ್ದರೆ ಬದಲಿ ಪ್ಯಾಡಿನ ಹಿಡಿತ ಮೂಲ ಪ್ಯಾಡಿಗಿಂತ ಶೇ. 15ರ ಅಂತರದೊಳಗೆ ಇರಬೇಕೆಂಬ ಪರೀಕ್ಷೆ ಮುಗಿದಿರುತ್ತದೆ, ಹಿಡಿತ ಹೋಗುತ್ತದೆಂದು ಅಂಜುವವರಿಗೆ ಅದೇ ಗಟ್ಟಿ ಉತ್ತರ. ಇನ್ನೊಂದು ಗುರುತು ಎಲೆಯ ಚಿತ್ರದ್ದು. ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ವಾಷಿಂಗ್ಟನ್ ರಾಜ್ಯಗಳು 2010ರಲ್ಲಿ ಮಾಡಿದ ಕಾನೂನುಗಳಿಂದ ಪ್ಯಾಡಿನಲ್ಲಿನ ತಾಮ್ರ ಹಂತ ಹಂತವಾಗಿ ಇಳಿಯುತ್ತ ಬಂದಿದೆ, ಮೂರು ಎಲೆ ತುಂಬಿದ್ದರೆ ತಾಮ್ರ ಶೇ. 0.5ಕ್ಕಿಂತ ಕಡಿಮೆ ಎಂದರ್ಥ. ಸೆರಾಮಿಕ್ ಪ್ಯಾಡುಗಳಲ್ಲಿ ಹಿಂದೆ ಉಷ್ಣವನ್ನು ಸಾಗಿಸುವ ಕೆಲಸವನ್ನು ತಾಮ್ರವೇ ಮಾಡುತ್ತಿತ್ತಾದ್ದರಿಂದ, ಅದೇ ಹೆಸರಿನ ಪ್ಯಾಡಿನ ಬಗ್ಗೆ ಹತ್ತು ವರ್ಷದ ಹಿಂದೆ ಯಾರೋ ಹೊಗಳಿ ಬರೆದದ್ದನ್ನು ಇಂದಿನ ಪ್ಯಾಡಿಗೆ ಅನ್ವಯಿಸಿಕೊಳ್ಳಬೇಡಿ. ಹೆಸರು ಅದೇ ಇದ್ದರೂ ಒಳಗಿನ ಮಿಶ್ರಣ ಬದಲಾಗಿರುತ್ತದೆ.

ಪ್ಯಾಡ್ ಎಷ್ಟು ಒಳ್ಳೆಯದಾದರೂ ಕ್ಯಾಲಿಪರ್ ಅದನ್ನು ಬಿಡದೆ ಹಿಡಿದುಕೊಂಡಿದ್ದರೆ ಧೂಳು ತಗ್ಗದು, ಇದನ್ನು ನಾನು ಒತ್ತಿ ಹೇಳುತ್ತೇನೆ. ಎಡ ಚಕ್ರ ಬಲ ಚಕ್ರಕ್ಕಿಂತ ಬೇಗ ಕಪ್ಪಾಗುತ್ತಿದ್ದರೆ ಕಾರಣ ಬಹುಪಾಲು ಕ್ಯಾಲಿಪರ್ ಜಾರಾಡುವ ಸ್ಲೈಡ್ ಪಿನ್ನಿನಲ್ಲಿರುತ್ತದೆ. ನನ್ನ ಕಾರಿನ ಒಂದು ಪಿನ್ನಿನಲ್ಲಿ ಗ್ರೀಸ್ ಒಣಗಿ ಮೇಣದಂತಾಗಿತ್ತು, ಒಳಬದಿಯ ಪ್ಯಾಡ್ ಹೊರಬದಿಯದಕ್ಕಿಂತ ಸುಮಾರು 2 ಮಿ.ಮೀ. ಹೆಚ್ಚು ಸವೆದಿತ್ತು. ಪಿನ್ ಒರೆಸಿ, ರಬ್ಬರ್ ಬೂಟ್ ಉಬ್ಬದಂತೆ ಸಿಲಿಕೋನ್ ಗ್ರೀಸನ್ನೇ ತೆಳುವಾಗಿ ಹಚ್ಚಿ, ಪ್ಯಾಡಿನ ಕಿವಿಗಳು ಕೂರುವ ಜಾಗದ ತುಕ್ಕನ್ನು ಉಜ್ಜಿ ತೆಗೆದ ಮೇಲೆ, ಪ್ಯಾಡ್ ಬದಲಿಸುವ ಮುಂಚೆಯೇ ಆ ಚಕ್ರದ ಧೂಳು ಕಣ್ಣಿಗೆ ಕಾಣುವಷ್ಟು ಇಳಿಯಿತು. ಡಿಸ್ಕ್ ಕೂರುವ ಹಬ್‌ನ (ಚಕ್ರದ ನಡುಭಾಗದ) ಮುಖದ ತುಕ್ಕನ್ನೂ ತೆಗೆಯಬೇಕು. ಅಲ್ಲಿ ಕುಳಿತ ಸಣ್ಣ ಪಕಳೆಯೊಂದೇ ಡಿಸ್ಕನ್ನು 0.1 ಮಿ.ಮೀ. ಓರೆಯಾಗಿಸಲು ಸಾಕು, ಓರೆಯಾದ ಡಿಸ್ಕ್ ಪ್ರತಿ ಸುತ್ತಿನಲ್ಲೂ ಪ್ಯಾಡನ್ನು ತಟ್ಟುತ್ತಲೇ ಇರುತ್ತದೆ. ಹಳೆಯ ಪುಡಿಯನ್ನು ಗಾಳಿಯಿಂದ ಊದದೆ ಒದ್ದೆ ಮಾಡಿಯೇ ತೆಗೆಯಿರಿ.

ಹೊಸ ಪ್ಯಾಡನ್ನು ಡಿಸ್ಕಿಗೆ ಕೂರಿಸುವ ಓಟವೇ ಈ ವಿಧಾನದ ಹೃದಯ. ಹಿಂದಿನ ಪ್ಯಾಡಿನ ಪದರ ಉಳಿದಿರುವ ಡಿಸ್ಕಿನ ಮೇಲೆ ಹೊಸ ಪ್ಯಾಡಿನ ಪದರ ಕೂರುವುದಿಲ್ಲವಾದ್ದರಿಂದ, ಹೊಸ ಡಿಸ್ಕ್ ಹಾಕದವರು ಹಳೆಯದನ್ನು ಉಜ್ಜುಕಾಗದದಿಂದ ಮಂಕಾಗುವವರೆಗೆ ಉಜ್ಜಬೇಕು. ಆಮೇಲೆ ಖಾಲಿ ರಸ್ತೆಯಲ್ಲಿ, ಮಧ್ಯಮ ವೇಗದಿಂದ ನಡಿಗೆಯ ವೇಗದವರೆಗೆ, ಪೂರ್ತಿ ನಿಲ್ಲದೆ, ಎಂಟು ಹತ್ತು ಸಲ ಒಂದೇ ಒತ್ತಡದಲ್ಲಿ ಬ್ರೇಕ್ ಹಾಕಿ, ನಂತರ ಬ್ರೇಕ್ ಮುಟ್ಟದೆ ತಣಿಯಲು ಬಿಡಬೇಕೆಂಬುದು ಎಲ್ಲರಿಗೂ ಗೊತ್ತು. ನಾನು ಇದನ್ನು ಎರಡು ಕಂತಿನಲ್ಲಿ, ನಡುವೆ ಒಂದು ವಿಶೇಷ ಹಂತವಿಟ್ಟು ಮಾಡುತ್ತೇನೆ. ಆ ಹಂತವನ್ನು ನನ್ನ ಗಾಡಿಯ ತೂಕಕ್ಕೆ ಹೊಂದಿಸಿಕೊಳ್ಳಲು ಬಹಳ ಸಮಯ ಹಿಡಿದಿದೆ, ಇಲ್ಲಿ ಅದನ್ನು ಬಿಡಿಸಿ ಹೇಳುತ್ತಿಲ್ಲ. ಪದರ ಸರಿಯಾಗಿ ಕೂತರೆ ಡಿಸ್ಕಿನ ಹೊಳಪು ಹೋಗಿ ಒಂದೇ ಸಮನಾದ ಬೂದುನೀಲಿ ಛಾಯೆ ಬರುತ್ತದೆ. ತೇಪೆಗಳಂತೆ ಕಂಡರೆ ಮತ್ತೆ ಉಜ್ಜಿ ಮೊದಲಿನಿಂದ ಶುರುಮಾಡುವುದೇ ಸರಿ.

ಫಲ ಹೀಗಿದೆ. ಸುಮಾರು 25 ಸಾವಿರ ಕಿಲೋಮೀಟರಿನ ಬಳಿಕ ಪ್ಯಾಡುಗಳು ತಲಾ 3 ಮಿ.ಮೀ. ಆಸುಪಾಸಿನಲ್ಲಿ ಸವೆದಿವೆ, ಡಿಸ್ಕ್ 0.07 ಮಿ.ಮೀ. ದಾಟಿಲ್ಲ. ಮೇಲಿನ ಲೆಕ್ಕದಲ್ಲೇ ಹಾಕಿದರೆ ಸಾವಿರ ಕಿಲೋಮೀಟರಿಗೆ ಒಂದು ಚಕ್ರದಿಂದ ಮೊದಲು ಬೀಳುತ್ತಿದ್ದದ್ದು 11, 12 ಗ್ರಾಂ ಪುಡಿ, ಈಗ 4 ಗ್ರಾಂ. ಮೂರರಲ್ಲಿ ಎರಡು ಪಾಲು ಹೋಯಿತು, ಉಳಿದದ್ದರಲ್ಲೂ ಕಬ್ಬಿಣ ಕಡಿಮೆಯಾದ್ದರಿಂದ ಅದು ಚಕ್ರಕ್ಕೆ ಕಚ್ಚುವುದಿಲ್ಲ. ಬೆಳಗಿನ ಮೊದಲ ಒಂದೆರಡು ಬ್ರೇಕಿನಲ್ಲಿ ಪೆಡಲಿಗೆ ತುಸು ಹೆಚ್ಚು ಬಲ ಬೇಕಾಗುತ್ತದೆ, ನಂತರ ಮೂಲ ಪ್ಯಾಡಿಗೂ ಇದಕ್ಕೂ ಕಾಲಿಗೆ ವ್ಯತ್ಯಾಸ ತಿಳಿಯದು. ಹಿಂದೆ ಸುಟ್ಟ ವಾಸನೆ ಬಂದಿದ್ದ ಅದೇ ಇಳಿಜಾರನ್ನು ಅಷ್ಟೇ ಭಾರ ಹೊತ್ತು ಇಳಿದು ನೋಡಿದ್ದೇನೆ, ಪೆಡಲ್ ಗಟ್ಟಿಯಾಗಿಯೇ ಇತ್ತು. ಬೆಲೆ ಮೂಲ ಪ್ಯಾಡಿನ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ಆದರೆ ಎರಡು ಜೊತೆ ಪ್ಯಾಡಿಗೆ ಒಂದು ಜೊತೆ ಡಿಸ್ಕ್ ಎಂಬ ಹಳೆಯ ಲೆಕ್ಕ ಇನ್ನು ಇಲ್ಲವಾದ್ದರಿಂದ ಒಟ್ಟು ಖರ್ಚು ಇಳಿಯುತ್ತದೆ, ಡಿಸ್ಕಿನ ಬೆಲೆ ಪ್ಯಾಡಿಗಿಂತ ಹೆಚ್ಚಿರುವ ಗಾಡಿಗಳಲ್ಲಿ ಇನ್ನೂ ಚೆನ್ನಾಗಿ ಇಳಿಯುತ್ತದೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಚಕ್ರ ಮತ್ತು ಡಿಸ್ಕಿನ ನಡುವೆ ಕೂರಿಸುವ ಧೂಳುತಡೆ ತಗಡು ಚಕ್ರವನ್ನು ಬೆಳ್ಳಗೆ ಉಳಿಸಿತು, ಆದರೆ ಗಾಳಿಯ ದಾರಿಯನ್ನು ಮುಚ್ಚಿ ಡಿಸ್ಕನ್ನು ಬಿಸಿಯಾಗಿಸುತ್ತಿತ್ತಾದ್ದರಿಂದ ಒಂದೇ ವಾರಕ್ಕೆ ಕಿತ್ತು ಬದಿಗಿಟ್ಟೆ, ಯಾರಿಗೂ ಅದನ್ನು ಹಾಕಿರೆಂದು ಹೇಳಲಾರೆ. ಚಕ್ರಕ್ಕೆ ಮೇಣದ ಲೇಪ ಧೂಳನ್ನು ಕಡಿಮೆ ಮಾಡುವುದಿಲ್ಲ, ತೊಳೆಯುವ ಶ್ರಮವನ್ನು ಕಡಿಮೆ ಮಾಡುತ್ತದೆ, ಅಷ್ಟು ಸಾಕೆನ್ನುವವರಿಗೆ ಅದು ಒಳ್ಳೆಯದೇ. ತಯಾರಿಸುವಾಗಲೇ ಮುಖದ ಮೇಲೆ ಗೀರು ಕೊರೆದ ಡಿಸ್ಕುಗಳು ಪ್ಯಾಡನ್ನು ಕೆರೆಯುತ್ತಲೇ ಇರುತ್ತವೆ, ಈ ಉದ್ದೇಶಕ್ಕೆ ಅವು ತಕ್ಕವಲ್ಲ. ಮುಂದಿನ ಚಕ್ರಗಳಿಗಷ್ಟೇ ಹೊಸ ಪ್ಯಾಡ್ ಹಾಕಿ ಹಿಂದೆ ಹಳೆಯದನ್ನೇ ಉಳಿಸಿಯೂ ನೋಡಿದೆ. ಮುಂದಿನವು ಹೊಸದಾಗಿದ್ದ ಮೊದಲ ದಿನಗಳಲ್ಲಿ ಹಿಂದಿನ ಚಕ್ರಗಳು ಬೇಗ ಹಿಡಿಯುತ್ತವೆನಿಸಿದ್ದರಿಂದ ಅಲ್ಲಿಗೂ ಅದೇ ದ್ರವ್ಯದ ಪ್ಯಾಡ್ ಹಾಕಿ ಮುಗಿಸಿದೆ.

ಡಿಸ್ಕಿನ ಸವೆತವೇ ಮೂಲ ಎಂಬ ನನ್ನ ಮಾತನ್ನು ಒಪ್ಪದವರು ಕಾರು ತಯಾರಕರು ಯಾವ ಕಡೆ ಹೊರಟಿದ್ದಾರೆಂದು ನೋಡಲಿ. 2017ರಲ್ಲಿ ಪೋರ್ಷೆ ತನ್ನ ಕಯೆನ್ ಕಾರಿಗೆ ಟಂಗ್‌ಸ್ಟನ್ ಕಾರ್ಬೈಡ್ ಲೇಪಿಸಿದ ಎರಕದ ಕಬ್ಬಿಣದ ಡಿಸ್ಕ್ ತಂದಿತು, ಧೂಳು ತೀರಾ ಕಡಿಮೆಯೆಂಬ ಧೈರ್ಯದಿಂದ ಕ್ಯಾಲಿಪರಿಗೆ ಬಿಳಿ ಬಣ್ಣ ಬಳಿದಿತು. ಯುರೋಪಿನ ಯೂರೋ 7 ನಿಯಮ ಮೊದಲ ಬಾರಿಗೆ ಬ್ರೇಕಿನ ಕಣಗಳಿಗೂ ಮಿತಿ ಹಾಕಿದೆ: ಪೆಟ್ರೋಲ್, ಡೀಸೆಲ್ ಮತ್ತು ಹೈಬ್ರಿಡ್ ಕಾರುಗಳಿಗೆ ಕಿಲೋಮೀಟರಿಗೆ 7 ಮಿಲಿಗ್ರಾಂ, ಬ್ಯಾಟರಿ ಕಾರುಗಳಿಗೆ 3. ನನ್ನ ಗಾಡಿಯ ಅಳತೆಗೆ ಗಟ್ಟಿ ಲೇಪದ ಡಿಸ್ಕ್ ಈಗಿನ ಡಿಸ್ಕಿನ ಎರಡು ಪಟ್ಟು ಬೆಲೆಯೊಳಗೆ ಸಿಕ್ಕ ದಿನ ಅದನ್ನು ಇದೇ ಪ್ಯಾಡಿನ ಜೊತೆ ಹಾಕಿ ಅಳೆಯುತ್ತೇನೆ. ಭಾರವಾದ ಟ್ರೇಲರ್ ಎಳೆಯುವವರು ಮತ್ತು ದಿನವೂ ಘಟ್ಟ ಇಳಿಯುವವರು ಮಾತ್ರ ನನ್ನ ಆಯ್ಕೆಯನ್ನು ಹಾಗೆಯೇ ಎತ್ತಿಕೊಳ್ಳದೆ, ಬಿಸಿಯಲ್ಲಿನ ಅಕ್ಷರ ಜಿ ಇರುವ ಪ್ಯಾಡನ್ನೇ ಹಾಕಿ, ಧೂಳು ಹೆಚ್ಚಾದರೆ ಚಕ್ರ ತೊಳೆಯುವ ಕೆಲಸವನ್ನು ಒಪ್ಪಿಕೊಳ್ಳಲಿ.