ಕೈ ನಡುಗುವುದೆಲ್ಲ ಪಾರ್ಕಿನ್ಸನ್ ಅಲ್ಲ

ಚಾಯದ ಗ್ಲಾಸು ಎತ್ತುವಾಗ ಎರಡೂ ಕೈ ನಡುಗಿದರೆ ಹೆಚ್ಚಾಗಿ ಅದು ಬೇರೆ ನಡುಕ. ಮಡಿಲಲ್ಲಿ ಸುಮ್ಮನಿಟ್ಟ ಒಂದೇ ಕೈ, ಬೀಡಿ ಕಟ್ಟುವವರು ಎಲೆ ಸುರುಟುವ ಹಾಗೆ, ಸೆಕೆಂಡಿಗೆ 4ರಿಂದ 6 ಸಲ ಅಲುಗಿದರೆ ಪಾರ್ಕಿನ್ಸನ್, ಅಂದರೆ ಚಲನೆ ನಿಧಾನವಾಗುವ ಮೆದುಳಿನ ರೋಗ, ಇರಬಹುದೆಂದು ಸಂಶಯಪಡಿ. ನಡುಕವಿಲ್ಲದೆಯೂ ಈ ರೋಗ ಬರುತ್ತದೆ. ಅದನ್ನೇ ಮನೆಯವರು ‘ಪ್ರಾಯ ಆಯಿತಲ್ಲ’ ಎಂದು ಬಿಟ್ಟುಬಿಡುವುದು. ಅಂಗಳದಲ್ಲಿ ನಡೆಸಿ ನೋಡಿ: ಒಂದು ಕೈ ಬೀಸುತ್ತಿಲ್ಲವೇ? ತಿರುಗಲು ಐದಾರು ಪುಟ್ಟ ಹೆಜ್ಜೆ ಬೇಕೇ? ಹಳೇ ಸಹಿಯ ಪಕ್ಕ ಹೊಸದು ಹಾಕಿಸಿ, ಅಕ್ಷರ ಕಿರಿದಾಗಿದೆಯೇ ನೋಡಿ. ಮಲ್ಲಿಗೆಯ ಪರಿಮಳ ತಿಳಿಯದಿರುವುದು, ಮಲಬದ್ಧತೆ, ನಿದ್ದೆಯಲ್ಲಿ ಕೈಕಾಲು ಬಡಿಯುವುದು ವರ್ಷಗಳ ಮೊದಲೇ ಶುರುವಾಗಿರಬಹುದು.

ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್‌ನಂಥ ಮಾತ್ರೆಗಳು ಕೂಡ ಇದೇ ಲಕ್ಷಣ ತರಬಲ್ಲವು. ಮಂಗಳೂರಿಗೆ ನರರೋಗ ತಜ್ಞರಲ್ಲಿಗೆ ಹೋಗುವಾಗ ಮಾತ್ರೆ ಚೀಟಿಗಳನ್ನೆಲ್ಲ ಒಯ್ಯಿರಿ, ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ.